ಧಾರವಾಡದ ಮಾತಿಗೊಂದು ಪಿಸಿ: ಕಾರ್ಡು ಬಂತು

ಮಾತು ಕೇಳಿ ಅಕ್ಷರಕ್ಕಿಳಿಸೋ ವಿಸ್ಪರ್ ಅನ್ನೋ ಎಐ ಮಾಡೆಲ್‌ಗೆ ನಮ್ಮ ಕಡೆಯ 'ಹೋಗೂಣು', 'ಏನ್ ಮಾಡ್ಲಿಕತ್ತೀರಿ' ಕಲಿಸೋ ಕೆಲಸ ಇಷ್ಟು ದಿನ ಗೂಗಲ್‌ನ ಆನ್‌ಲೈನ್ ಕಂಪ್ಯೂಟರ್ ಸೇವೆ ಕೊಲ್ಯಾಬ್‌ನಲ್ಲೇ ನಡೀತಿತ್ತು. ಪುಕ್ಕಟೆ ಸಿಗೋ ಟಿ4 ಗ್ರಾಫಿಕ್ಸ್ ಕಾರ್ಡಲ್ಲಿ ವಿಸ್ಪರ್‌ನ ಸ್ಮಾಲ್ ಮಾಡೆಲ್ ಆರಾಮಾಗಿ ಓಡುತ್ತೆ, ಆದರೆ ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಸೆಷನ್ ಕಡಿದುಹೋಗಿರುತ್ತೆ. ಅದಕ್ಕಿಂತ ದೊಡ್ಡ ಮೀಡಿಯಂಗೆ ಹೋಗಬೇಕು ಅಂದಾಗ ಮನೆಯಲ್ಲೇ ಪಿಸಿ ಕಟ್ಟೋದು ಅಂತಾಯ್ತು.

ಅಂಗಡಿಯವರು ಮೊದಲು ಕೇಳೋದು, 'ಐ7 ಹಾಕ್ಲಾ, ಐ9 ಹಾಕ್ಲಾ ಸರ್?' ಈ ಕೆಲಸಕ್ಕೆ ಪ್ರೊಸೆಸರ್ ಕಡೇ ಪ್ರಶ್ನೆ. ಮೊದಲು ನೋಡಬೇಕಾದ್ದು ಗ್ರಾಫಿಕ್ಸ್ ಕಾರ್ಡಿನ ಮೆಮೊರಿ. ಆಡಮ್ (ಮಾಡೆಲ್ ತಿದ್ದೋ ಒಂದು ವಿಧಾನ) ಹಾಕಿ ಪೂರ್ತಿ ಟ್ರೈನ್ ಮಾಡಿದರೆ ಒಂದೊಂದು ಪ್ಯಾರಾಮೀಟರ್‌ಗೂ, ಅಂದ್ರೆ ಮಾಡೆಲ್ ಕಲಿಯೋ ಒಂದೊಂದು ಸಂಖ್ಯೆಗೂ, 16 ಬೈಟ್ ಬೇಕು: ಆ ಸಂಖ್ಯೆಗೆ (ವೆಯ್ಟ್) 4, ಅದನ್ನ ಎಷ್ಟು ತಿದ್ದಬೇಕು ಅನ್ನೋ ಗ್ರೇಡಿಯಂಟ್‌ಗೆ 4, ಆಡಮ್ ತನ್ನ ಲೆಕ್ಕ ಇಟ್ಟುಕೊಳ್ಳೋಕೆ 8. ಸ್ಮಾಲ್‌ನಲ್ಲಿ 24.4 ಕೋಟಿ ಪ್ಯಾರಾಮೀಟರ್, ಹತ್ತಿರ ಹತ್ತಿರ 4 ಜಿಬಿ. ಮೀಡಿಯಂ 76.9 ಕೋಟಿ, 12 ಜಿಬಿ ದಾಟುತ್ತೆ. ಲಾರ್ಜ್ 155 ಕೋಟಿ, ಸುಮಾರು 25 ಜಿಬಿ. ಲೆಕ್ಕದ ನಡುವೆ ಹುಟ್ಟೋ ಆಕ್ಟಿವೇಶನ್‌ಗಳ ಖರ್ಚು ಬೇರೆ.

ಕಣದಲ್ಲಿ ಉಳಿದದ್ದು ಎರಡು. 2023ರ ಆರ್‌ಟಿಎಕ್ಸ್ 4060 ಟಿಐ: ಹೊಸದು, ವಾರಂಟಿ ಇದೆ, 16 ಜಿಬಿ, ಬರೀ 165 ವ್ಯಾಟ್. ಆದರೆ ಮೆಮೊರಿ ಬ್ಯಾಂಡ್‌ವಿಡ್ತ್ (ಡೇಟಾ ಓಡಾಡೋ ವೇಗ) ಸೆಕೆಂಡಿಗೆ ಬರೀ 288 ಜಿಬಿ. ಇನ್ನೊಂದು 2020ರ 3090, ಸೆಕೆಂಡ್ ಹ್ಯಾಂಡ್: 24 ಜಿಬಿ, ಬ್ಯಾಂಡ್‌ವಿಡ್ತ್ 936, ಕರೆಂಟ್ ಮಾತ್ರ 350 ವ್ಯಾಟ್ ನುಂಗುತ್ತೆ. ನಾನು 3090 ಕಡೆ. ವಾರಂಟಿ ಇಲ್ಲದಿದ್ರೂ ನಡೀತದೆ, ಮೆಮೊರಿ ಸಾಲದಿದ್ರೆ ಕೆಲಸನೇ ನಿಲ್ಲುತ್ತೆ. ಲಾರ್ಜ್ ಇದರಲ್ಲೂ ಪೂರ್ತಿ ಕೂರಲ್ಲ, ಅದಕ್ಕೆ ಮಾಡೆಲ್‌ಗೆ ಚಿಕ್ಕ ಭಾಗ ಸೇರಿಸಿ ಅದನ್ನಷ್ಟೇ ಟ್ರೈನ್ ಮಾಡೋ ಲೋರಾನೇ ಗತಿ.

ಬೆಂಗಳೂರಿನ ಎಸ್‌ಪಿ ರೋಡಲ್ಲಿ ಮಾರೋರು ಗೇಮ್ ಹಾಕಿ ತೋರಿಸೋಕೆ ಬಂದ್ರು. ಬೇಡ ಅಂತ ಮೆಮೊರಿ ತುಂಬಿಸೋ ಟೆಸ್ಟ್ ಹಚ್ಚಿಸಿದೆ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಅನ್ನೋ ಕ್ರಿಪ್ಟೋ ಹಣದ ಮೈನಿಂಗ್ (ಗ್ರಾಫಿಕ್ಸ್ ಕಾರ್ಡು ಹಗಲು ರಾತ್ರಿ ಓಡಿಸಿ ಗಳಿಸೋದು) ನಿಂತ ಮೇಲೆ ಮಾರುಕಟ್ಟೆಗೆ ಬಂದ ಕಾರ್ಡುಗಳು ಬೇಕಾದಷ್ಟಿವೆ. 3090ರ ಮೆಮೊರಿ ಚಿಪ್‌ಗಳಲ್ಲಿ ಅರ್ಧ ಬೋರ್ಡಿನ ಹಿಂಬದಿಗಿವೆ, ಅಲ್ಲಿಗೆ ಫ್ಯಾನಿನ ಗಾಳಿ ತಾಗಲ್ಲ. ಸ್ವಲ್ಪ ಹೊತ್ತಿಗೇ ಮೆಮೊರಿ 104 ಡಿಗ್ರಿ ತೋರಿಸಿತು, ಹಿಂದಿನ ಪ್ಲೇಟ್ ಮುಟ್ಟೋಕಾಗ್ತಿರಲಿಲ್ಲ. ಅದನ್ನೇ ಹೇಳಿ ರೇಟ್ ಇಳಿಸಿಕೊಂಡೆ. ಮನೆಗೆ ತಂದು ಬಿಚ್ಚಿದರೆ ಚಿಪ್‌ನ ಬಿಸಿ ಹೊರಗೆ ಸಾಗಿಸೋ ಥರ್ಮಲ್ ಪ್ಯಾಡ್‌ಗಳು ಎಣ್ಣೆ ಬಿಟ್ಟುಕೊಂಡು ಪುಡಿ ಪುಡಿ. ಹೊಸ ಪ್ಯಾಡ್ ಹಾಕಿದ ಮೇಲೆ 90ರ ಆಚೀಚೆ ನಿಂತಿದೆ.

ಪವರ್ ಸಪ್ಲೈ 850 ವ್ಯಾಟ್‌ದು. ಕಾರ್ಡಿನ ಮಿತಿ 280 ವ್ಯಾಟ್‌ಗೆ ಇಳಿಸಿದ್ದೀನಿ, ವೇಗ ಅಷ್ಟೇನೂ ಕುಗ್ಗಲಿಲ್ಲ. ಮೀಡಿಯಂ ಟ್ರೈನಿಂಗ್ ಶುರುವಾಗಿದೆ. ಮನೆಯ ಚಿಕ್ಕ ಯುಪಿಎಸ್ ಈ ಲೋಡ್ ತಡೆಯಲ್ಲ. ದೊಡ್ಡದು ಬರೋತನಕ ಕರೆಂಟ್ ಹೋದ್ರೂ ಕಲಿತದ್ದು ಉಳೀಲಿ ಅಂತ 500 ಸ್ಟೆಪ್‌ಗೊಂದು ಚೆಕ್‌ಪಾಯಿಂಟ್ ಸೇವ್.