18 ಗುಂಟೆ ಎಲ್ಲಿ ಹೋಯಿತು?

ಆ ಐಚ್ಛಿಕ ಪತ್ರಿಕೆಯನ್ನು ನಾನು ಆರಿಸಿಕೊಂಡದ್ದಕ್ಕೆ ಹೇಳಿಕೊಳ್ಳುವಂಥ ಕಾರಣವೇನೂ ಇರಲಿಲ್ಲ. ಅದರ ತರಗತಿಗಳು ಕಂಪ್ಯೂಟರ್ ಕೋಣೆಯಲ್ಲಿ ನಡೆಯುತ್ತಿದ್ದವು, ಇಡೀ ಕಾಲೇಜಿನಲ್ಲಿ ಹವಾನಿಯಂತ್ರಣ ಇದ್ದದ್ದು ಅದೊಂದೇ ಕೋಣೆಗೆ. 2001ರ ಜುಲೈ. ಪತ್ರಿಕೋದ್ಯಮ ತೆಗೆದುಕೊಂಡಿದ್ದ ಅಂತಿಮ ಬಿ.ಎ. ತರಗತಿಯ ನಾವು ಹತ್ತೊಂಬತ್ತು ಜನ ದೇವಸ್ಥಾನಕ್ಕೆ ಹೋಗುವವರಂತೆ ಚಪ್ಪಲಿಗಳನ್ನು ಹೊರಗೆ ಬಿಟ್ಟು ಒಳಗೆ ಹೋಗಿ ಕುಳಿತೆವು. ಮೇಷ್ಟ್ರು ಹಲಗೆಯ ಮೇಲೆ ‘ದೃಶ್ಯ ಅಲಂಕಾರಶಾಸ್ತ್ರ ಮತ್ತು ದಾಖಲೆ ವಿನ್ಯಾಸ’ ಎಂದು ಬರೆದರು. ಸ್ವಲ್ಪ ಹೊತ್ತು ಅದನ್ನೇ ನೋಡಿ ‘ಅಲಂಕಾರ’ ಎಂಬುದನ್ನು ಡಸ್ಟರಿನಿಂದ ಒರೆಸಿದರು. ಅದರ ಜಾಗಕ್ಕೆ ಏನನ್ನೂ ಬರೆಯಲಿಲ್ಲ. ವರ್ಷವಿಡೀ ನಾವು ಓದಿದ್ದು ಆ ಖಾಲಿ ಜಾಗದ ವಿಷಯವನ್ನೇ.

ಅವರು ಮೂಲತಃ ಕನ್ನಡ ಎಂ.ಎ. ಮಾಡಿದವರು. ಪಠ್ಯಕ್ರಮ ಎಲ್ಲಿಂದಲೋ ಇಳಿದು ಬಂದಿತ್ತು, ಪುಸ್ತಕಗಳೆಲ್ಲ ಅಮೆರಿಕದವು. ಆ ಪುಸ್ತಕಗಳ ‘ರೆಟರಿಕ್’ ಎಂದರೆ ಕೇಳುವವರನ್ನು ಒಪ್ಪಿಸುವ ವಿದ್ಯೆ. ಅದನ್ನು ನಾವು ಅಲಂಕಾರ ಎಂದು ಕರೆದ ಕೂಡಲೇ ಹುಡುಗರು ಬಾರ್ಡರ್ ಹಾಕಲು ಶುರುಮಾಡುತ್ತಾರೆ ಎಂಬುದು ಅವರ ಭಯ. ಭಯ ಸುಳ್ಳಾಗಲಿಲ್ಲ. ಮೊದಲ ವಾರದ ಅಭ್ಯಾಸಕ್ಕೆ ನಾನು ಮಾಡಿಕೊಟ್ಟ ರಕ್ತದಾನ ಶಿಬಿರದ ಕರಪತ್ರದಲ್ಲಿ ಏಳು ಬಗೆಯ ಅಕ್ಷರಗಳಿದ್ದವು, ಸುತ್ತಲೂ ಬಳ್ಳಿಯ ಅಂಚಿತ್ತು, ನಾಲ್ಕು ಮೂಲೆಗೂ ನಾಲ್ಕು ಗುಲಾಬಿಗಳಿದ್ದವು. ಶಿಬಿರ ಎಷ್ಟು ಗಂಟೆಗೆ ಎಂಬುದು ಮಾತ್ರ ಕೊನೆಯ ಸಾಲಿನಲ್ಲಿ, ‘ಸರ್ವರಿಗೂ ಸ್ವಾಗತ’ದ ಕೆಳಗೆ ಅಡಗಿ ಕುಳಿತಿತ್ತು. ಮೇಷ್ಟ್ರು ಬಯ್ಯಲಿಲ್ಲ. ಕಾಶ್ಮೀರದ ಸಂಸ್ಕೃತ ಕಾವ್ಯಮೀಮಾಂಸಕ ಕ್ಷೇಮೇಂದ್ರ ಔಚಿತ್ಯದ ಬಗ್ಗೆ ಹೇಳುವಾಗ ಕೊಡುವ ಚಿತ್ರವೊಂದಿದೆ: ಸೊಂಟದ ಡಾಬನ್ನು ಕುತ್ತಿಗೆಗೆ, ಕುತ್ತಿಗೆಯ ಹಾರವನ್ನು ಸೊಂಟಕ್ಕೆ, ಕಾಲ್ಗೆಜ್ಜೆಯನ್ನು ಕೈಗೆ, ತೋಳ್ಬಂದಿಯನ್ನು ಕಾಲಿಗೆ ಕಟ್ಟಿಕೊಂಡು ಬಂದರೆ ಯಾರು ತಾನೇ ನಗುವುದಿಲ್ಲ? ಅದನ್ನು ಹೇಳಿ, ನನ್ನ ಕರಪತ್ರವನ್ನು ಎತ್ತಿ ಹಿಡಿದು, “ಒಡವೆಗಳೆಲ್ಲ ಅಪ್ಪಟ ಚಿನ್ನವೇ” ಎಂದರು. ಮುಂದಿನ ಬೆಂಚಿನವರು ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಅಮೆರಿಕದ ಪುಸ್ತಕಗಳ ಜೊತೆ ನಮ್ಮ ಮೊದಲ ಜಗಳ ನಡೆದದ್ದು ಸಾಲುಗಳ ನಡುವಣ ಜಾಗದ ವಿಚಾರಕ್ಕೆ. ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್ ತನ್ನಷ್ಟಕ್ಕೆ ಬಿಟ್ಟರೆ ಅಕ್ಷರದ ಅಳತೆಯ 120 ಪ್ರತಿಶತವನ್ನು ಸಾಲಿಗೆ ಕೊಡುತ್ತಿತ್ತು. ಇಂಗ್ಲಿಷಿಗೆ ಅದು ಧಾರಾಳ. ಕನ್ನಡದಲ್ಲಿ ‘ರಾಷ್ಟ್ರ’ ಎಂದು ಬರೆದರೆ ಟ ಒತ್ತು, ಅದರ ಜೊತೆಗೆ ರ ಒತ್ತು, ಎರಡೂ ಕೆಳಗಿಳಿದು ಮುಂದಿನ ಸಾಲಿನ ಗುಡಿಸನ್ನು ಮೆಟ್ಟುತ್ತಿದ್ದವು. ಇಡೀ ಪುಟ ಸಂತೆಯ ದಿನದ ಬಸ್ಸಿನಂತೆ ಕಾಣುತ್ತಿತ್ತು. ಒತ್ತು ನೀಡಬೇಕಾದಲ್ಲಿ ದೊಡ್ಡಕ್ಷರ ಬಳಸಬೇಡಿ, ಓದಲು ಕಷ್ಟ ಎಂದು ಪುಸ್ತಕದಲ್ಲಿ ಎರಡು ಪುಟದ ಉಪದೇಶ ಬೇರೆ. ಕನ್ನಡಕ್ಕೆ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲವಲ್ಲ! “ಬಿಡಿ, ಒಂದು ಪಾಪ ಮಾಡಲು ನಮಗೆ ಅವಕಾಶವೇ ಇಲ್ಲ” ಎಂದು ಮೇಷ್ಟ್ರು ಆ ಎರಡು ಪುಟಗಳನ್ನು ಹಾರಿಸಿದರು. ನಮಗೆ ಉಳಿದದ್ದು ಅಕ್ಷರದ ದಪ್ಪ, ಅಳತೆ ಮತ್ತು ಸುತ್ತಲಿನ ಬಿಳಿ ಜಾಗ. ಬಿಳಿ ಜಾಗ ಬಿಡುವುದೆಂದರೆ ಕಾಗದ ದಂಡ ಮಾಡುವುದು ಎಂದು ನಂಬಿದ್ದ ಮನೆಗಳಿಂದ ಬಂದ ನಮಗೆ ಅದು ಬಹಳ ಕಷ್ಟದ ಪಾಠ.

ಆಗಸ್ಟಿನ ಒಂದು ದಿನ ಮೇಷ್ಟ್ರು ರಟ್ಟಿನ ಹಾಳೆಯೊಂದನ್ನೂ ಗೋಣಿ ಹೊಲಿಯುವ ದಬ್ಬಣವನ್ನೂ ತಂದರು. ರಟ್ಟಿನ ಎಡಭಾಗದಲ್ಲಿ ಆರು ತಿಂಡಿಗಳ ಹೆಸರು, ಬಲಭಾಗದಲ್ಲಿ ನಾಲ್ಕು, ನಡುವೆ ಮೇಲಿನಿಂದ ಕೆಳಗೆ ಒಂದೇ ಸಾಲಿನಲ್ಲಿ ಚುಚ್ಚಲು ಗುರುತುಗಳು. “ಕ್ಯಾಂಟೀನಿನಲ್ಲಿ ನಿಮಗೆ ಬೇಕಾದದ್ದಕ್ಕೆ ಮತ ಹಾಕಿ, ಹಿಂತಿರುಗಿ ನೋಡುವ ಹಾಗಿಲ್ಲ” ಎಂದರು. ಎಡಗಡೆ ಮೊದಲು ಇಡ್ಲಿ, ಎರಡನೆಯದು ಮಸಾಲೆ ದೋಸೆ. ನಾನು ದೋಸೆಯವನು. ಎರಡನೆಯ ಹೆಸರಲ್ಲವೇ ಎಂದು ಎರಡನೆಯ ಗುರುತಿಗೆ ಚುಚ್ಚಿದೆ. ಎಣಿಕೆಯಾದಾಗ ನನ್ನ ಮತ ಉಪ್ಪಿಟ್ಟಿಗೆ ಬಿದ್ದಿತ್ತು. ನಡುವಣ ಗುರುತುಗಳಲ್ಲಿ ಮೊದಲನೆಯದು ಎಡದ ಇಡ್ಲಿಯದು, ಎರಡನೆಯದು ಬಲದ ಉಪ್ಪಿಟ್ಟಿನದು, ಮೂರನೆಯದು ದೋಸೆಯದು. ನನ್ನಂತೆಯೇ ಇನ್ನೂ ಮೂವರು ಉಪ್ಪಿಟ್ಟಿಗೆ ಮತ ಹಾಕಿದ್ದರು. ಉಪ್ಪಿಟ್ಟಿಗೆ ಮನಸಾರೆ ಮತ ಹಾಕುವವರು ನಮ್ಮ ತರಗತಿಯಲ್ಲಿ ಒಬ್ಬರೂ ಇರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ತಪ್ಪು ಗೊತ್ತಾದ ಇಬ್ಬರು ಎರಡು ಕಡೆ ಚುಚ್ಚಿ ತಮ್ಮ ಮತವನ್ನೇ ಕೆಡಿಸಿಕೊಂಡಿದ್ದರು.

ಆಮೇಲೆ ಅವರು ಪತ್ರಿಕೆಯ ತುಣುಕನ್ನು ತೋರಿಸಿದರು. ಆ ರಟ್ಟು, ತಿಂಡಿಗಳ ಹೆಸರನ್ನು ಬಿಟ್ಟರೆ, 2000ದ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಫ್ಲೋರಿಡಾ ರಾಜ್ಯದ ಪಾಮ್ ಬೀಚ್ ಕೌಂಟಿಯಲ್ಲಿ ಬಳಸಿದ ಮತಪತ್ರದ ನಕಲು. ಅಲ್ಲಿ ಇಡ್ಲಿಯ ಜಾಗದಲ್ಲಿ ಬುಷ್, ದೋಸೆಯ ಜಾಗದಲ್ಲಿ ಗೋರ್, ಉಪ್ಪಿಟ್ಟಿನ ಜಾಗದಲ್ಲಿ ಬ್ಯುಕ್ಯಾನನ್. ಆ ಒಂದೇ ಕೌಂಟಿಯಲ್ಲಿ ಬ್ಯುಕ್ಯಾನನ್‌ಗೆ 3,407 ಮತಗಳು ಬಂದವು. ಒಂದಕ್ಕಿಂತ ಹೆಚ್ಚು ಕಡೆ ಚುಚ್ಚಿ ಹಾಳಾದವು 19,000ಕ್ಕೂ ಹೆಚ್ಚು. ಇಡೀ ಫ್ಲೋರಿಡಾದಲ್ಲಿ ಬುಷ್ ಗೆದ್ದದ್ದು 537 ಮತಗಳಿಂದ. ನನ್ನನ್ನು ಇಂದಿಗೂ ಕಾಡುವುದು ಈ ಲೆಕ್ಕಕ್ಕಿಂತ ಅದರ ಹಿಂದಿನ ಕಾರಣ. ಅಭ್ಯರ್ಥಿಗಳು ಹತ್ತು ಜನ. ಆ ಕೌಂಟಿಯಲ್ಲಿ ವಯಸ್ಸಾದವರು ಹೆಚ್ಚು, ಅವರಿಗೆ ಅಕ್ಷರ ದೊಡ್ಡದಾಗಿ ಕಾಣಲಿ ಎಂದು ಅಲ್ಲಿನ ಚುನಾವಣಾ ಅಧಿಕಾರಿ ಹೆಸರುಗಳನ್ನು ಎರಡು ಪುಟಗಳಿಗೆ ಹಂಚಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಕೆಲಸ. ಅಕ್ಷರ ದೊಡ್ಡದಾಯಿತು, ದಾರಿ ತಪ್ಪಿತು.

ನಮ್ಮಲ್ಲಿ ಹೀಗಾಗುವುದಿಲ್ಲ, 1951ರ ಜನಗಣತಿಯಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹದಿನೆಂಟೇ ಜನ ಇದ್ದಾಗಲೂ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟು, ಮೇಲೆ ಚಿಹ್ನೆ ಅಂಟಿಸಿ ಚುನಾವಣೆ ನಡೆಸಿದವರು ನಾವು ಎಂದು ಯಾರೋ ಎದೆಯುಬ್ಬಿಸಿದರು. ತಕ್ಷಣ ಬೆಳಗಾವಿಯ ಗೆಳೆಯ ಎದ್ದು ನಿಂತ. 1996ರಲ್ಲಿ ಅವರ ಲೋಕಸಭಾ ಕ್ಷೇತ್ರದಲ್ಲಿ 456 ಅಭ್ಯರ್ಥಿಗಳಿದ್ದರು. ಅಷ್ಟು ಹೆಸರಿಗೆ ಅಷ್ಟು ಚಿಹ್ನೆ! ಆಮೇಲೆ ಏನಾಯಿತು? ಅದೇ ವರ್ಷ ಲೋಕಸಭೆಯ ಠೇವಣಿಯನ್ನು 500 ರೂಪಾಯಿಯಿಂದ 10,000ಕ್ಕೆ ಏರಿಸಿದರು. ವಿನ್ಯಾಸ ಕೈಚೆಲ್ಲಿದಲ್ಲಿ ದುಡ್ಡು ಬಂದು ಸರಿಪಡಿಸಿತು ಎಂದು ಮೇಷ್ಟ್ರು ನಕ್ಕರು.

ಹಾರಿದ ಸ್ವಲ್ಪ ಹೊತ್ತಿಗೇ ಏಳು ಗಗನಯಾತ್ರಿಗಳೊಂದಿಗೆ ನಾಶವಾದ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್‌ನ ಪಾಠವೂ ಆಯಿತು. 1986ರ ಜನವರಿ 28ರ ಹಿಂದಿನ ರಾತ್ರಿ, ಚಳಿಯಲ್ಲಿ ಹಾರಿಸಬೇಡಿ ಎಂದು ಹೇಳಲು ರಾಕೆಟ್ ತಯಾರಕರ ಎಂಜಿನಿಯರುಗಳು ಫ್ಯಾಕ್ಸಿನಲ್ಲಿ ಕಳಿಸಿದ್ದ 13 ಹಾಳೆಗಳ ಕಥೆ. ರಾಕೆಟ್ಟಿನ ಕೀಲುಗಳನ್ನು ಮುಚ್ಚುವ ರಬ್ಬರ್ ಉಂಗುರಗಳಿಗೆ ಆದ ಹಾನಿಯನ್ನೂ ಆಯಾ ಹಾರಾಟದ ದಿನದ ಉಷ್ಣಾಂಶವನ್ನೂ ಒಂದೇ ನಕ್ಷೆಯಲ್ಲಿ ಇಟ್ಟಿದ್ದರೆ ಏಳು ಜನ ಉಳಿಯುತ್ತಿದ್ದರು ಎಂದು ಅಂಕಿಅಂಶಗಳನ್ನು ಚಿತ್ರದಲ್ಲಿ ತೋರಿಸುವ ಬಗ್ಗೆ ಬರೆದ ಎಡ್ವರ್ಡ್ ಟಫ್ಟಿ ವಾದಿಸಿದ್ದಾರೆ. ಪರೀಕ್ಷೆಗೆ ಹಾಗೆಯೇ ಬರೆದು ಅಂಕ ಪಡೆದೆ. ಆದರೆ ಆ ವಾದ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆ ಎಂಜಿನಿಯರುಗಳು ಬೇಡ ಎಂದು ಬಾಯಿಬಿಟ್ಟು ಹೇಳಿದ್ದರು. ಕೇಳಿಸಿಕೊಳ್ಳಲು ಮನಸ್ಸಿಲ್ಲದವರ ಮುಂದೆ ನಕ್ಷೆ ಎಷ್ಟು ಚೆನ್ನಾಗಿದ್ದರೇನು?

ಇನ್ನು ನನ್ನ ನಿಜವಾದ ಪಾಠದ ವಿಷಯ. 2002ರ ಸಂಕ್ರಾಂತಿ ರಜೆಗೆ ಕೊಟ್ಟ ಕೆಲಸ ಇದು: ಮನೆಯಲ್ಲಿ ಎಲ್ಲರೂ ಜೋಪಾನ ಮಾಡುವ, ಯಾರೂ ಪೂರ್ತಿ ಓದದ ಒಂದು ಕಾಗದವನ್ನು ತರಬೇಕು. ಅದನ್ನು ಹೊಸದಾಗಿ ವಿನ್ಯಾಸ ಮಾಡಬೇಕು. ಅದನ್ನು ಬಳಸುವವರ ಕೈಗೇ ಕೊಟ್ಟು, ಅವರು ಓದುವಾಗ ಪಕ್ಕದಲ್ಲಿ ಕೂರಬೇಕು, ಬಾಯಿ ಬಿಡಬಾರದು. ಅವರು ಎಲ್ಲಿ ನಿಂತರು, ಎಲ್ಲಿ ಬೆರಳಿಟ್ಟರು, ಏನು ಕೇಳಿದರು ಎಂಬುದನ್ನಷ್ಟೇ ಬರೆದುಕೊಳ್ಳಬೇಕು.

ನಾನು ತಂದದ್ದು ಅಪ್ಪನ ಪಹಣಿ. ಅರಸೀಕೆರೆ ಕಡೆಯ ರಾಗಿ ಹೊಲದ್ದು. ಆ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದ್ದವು. ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯುವ ಬದಲು ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಸಿಗುತ್ತಿತ್ತು. ಅದು ಸಣ್ಣ ಬದಲಾವಣೆಯಲ್ಲ. ಆದರೆ ಕೈಬರಹ ಹೋಗಿ ಅಚ್ಚು ಬಂದರೂ ಕಾಲಂಗಳು ಹಳೆಯವೇ. ಕಾಲಂ 9ರಲ್ಲಿ ಸ್ವಾಧೀನದಾರರ ಹೆಸರು ಮತ್ತು ವಿಸ್ತೀರ್ಣ, 10ರಲ್ಲಿ ಸ್ವಾಧೀನ ಬಂದ ರೀತಿ, 11ರಲ್ಲಿ ‘ಇತರೆ ಹಕ್ಕುಗಳು ಮತ್ತು ಋಣಗಳು’, 12ರಲ್ಲಿ ಸಾಗುವಳಿ. ಉದ್ದಕ್ಕೂ ಅಡ್ಡಕ್ಕೂ ಗೆರೆಗಳು, ಖಾಲಿ ಚೌಕಗಳು, ಸೊನ್ನೆಗಳ ಸಾಲು.

ಎರಡು ರಾತ್ರಿ ಕುಳಿತು ಅದನ್ನು ‘ಸ್ವಚ್ಛ’ ಮಾಡಿದೆ. ಗೆರೆಗಳನ್ನು ತೆಗೆದೆ. ಸರ್ವೆ ನಂಬರನ್ನು ದಪ್ಪಗೆ ಮಾಡಿ ತಲೆಯ ಮೇಲೆ ಕೂರಿಸಿದೆ. ಅಪ್ಪನ ಹೆಸರಿಗೆ ಸುತ್ತ ಬೇಕಾದಷ್ಟು ಬಿಳಿ ಜಾಗ ಬಿಟ್ಟೆ. ‘ಇತರೆ’ ಎಂದರೆ ಮುಖ್ಯವಲ್ಲದ್ದು ಎಂದು ಕಾಲಂ 11ನ್ನು ಸಣ್ಣ ಅಕ್ಷರದಲ್ಲಿ ಪುಟದ ಬುಡಕ್ಕೆ ತಳ್ಳಿದೆ. ಅನಗತ್ಯ ಸೊನ್ನೆಗಳನ್ನೆಲ್ಲ ಕಿತ್ತೆಸೆದೆ. 2.20.00 ಎಂದು ಇದ್ದದ್ದು ಚೊಕ್ಕಟವಾಗಿ 2.2 ಆಯಿತು. ನನ್ನ ಕಣ್ಣಿಗೆ ಅದು ಶುಭ್ರವಾಗಿ ಕಾಣುತ್ತಿತ್ತು.

ಅಪ್ಪ ಜಗಲಿಯ ಮೇಲೆ ಕುಳಿತು ಕನ್ನಡಕ ಹಾಕಿಕೊಂಡು ಹಾಳೆಯನ್ನು ತೆಗೆದುಕೊಂಡರು. ತಮ್ಮ ಹೆಸರನ್ನು ನೋಡಿದರು. ಮುಂದಿನ ಅಂಕಿಗೆ ಬೆರಳು ಹೋಯಿತು, ಅಲ್ಲೇ ನಿಂತಿತು. ಎರಡು ಸಲ ಓದಿದರು. “ಎರಡು ಎಕರೆ ಎರಡು ಗುಂಟೆ ಎಂದು ಬಂದಿದೆಯಲ್ಲೋ! ನಮ್ಮದು ಎರಡೂವರೆ. ಯಾರು ಅರ್ಜಿ ಕೊಟ್ಟವರು?” ದಾಯಾದಿಯೊಬ್ಬರ ಹೆಸರೂ ಬಾಯಿಗೆ ಬಂತು. ಎಕರೆಗೆ 40 ಗುಂಟೆ, ಆ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ, ಎಕರೆಗೂ ಗುಂಟೆಗೂ ನಡುವಣ ಬದು ಎಂಬುದು ರೈತನ ಮಗನಾದ ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಪರದೆಯ ಮುಂದೆ ಕುಳಿತಾಗ ಮರೆತಿತ್ತು. ಬಾಯಿ ಬಿಡಬಾರದೆಂಬ ನಿಯಮವನ್ನು ಮುರಿದು, ಇದು ಕಾಲೇಜಿನ ಕೆಲಸ, ನಿಜವಾದ ಪಹಣಿಯಲ್ಲ ಎಂದು ಹೇಳಿದ ಮೇಲೂ ಅಪ್ಪನ ಕೈ ನಡುಗುತ್ತಿತ್ತು. ನೀರು ಕುಡಿದು ಮತ್ತೆ ಹಾಳೆಯನ್ನು ಎತ್ತಿಕೊಂಡರು. ಮೇಲೆ ಕೆಳಗೆ ನೋಡಿ, ಹಿಂದೆ ತಿರುಗಿಸಿ, “ಸಾಲ ಎಲ್ಲಿ?” ಎಂದರು. ಸಹಕಾರ ಸಂಘದ ಬೆಳೆ ಸಾಲ ಕಾಲಂ 11ರಲ್ಲಿ ಇರುತ್ತದೆ. ಸಾಲ ತೀರಿದ್ದರೂ ಅದು ಅಲ್ಲಿಂದ ಹೋಗಿದೆಯೋ ಇಲ್ಲವೋ ಎಂದು ನೋಡುವುದಕ್ಕೇ ಅವರು ಪ್ರತಿ ಸಲ ಪಹಣಿ ತೆಗೆಸುತ್ತಿದ್ದದ್ದು. ನಾನು ಬುಡಕ್ಕೆ ತಳ್ಳಿದ್ದು ಅವರು ಮೊದಲು ಹುಡುಕುವುದನ್ನೇ.

ಆದದ್ದನ್ನೆಲ್ಲ ಹಾಗೆಯೇ ಬರೆದು ಒಪ್ಪಿಸಿದೆ. ಮೇಷ್ಟ್ರು 20ಕ್ಕೆ 8 ಕೊಟ್ಟರು. ಹಸಿರು ಶಾಯಿಯಲ್ಲಿ ‘18 ಗುಂಟೆ ಎಲ್ಲಿ ಹೋಯಿತು?’ ಎಂದು ಬರೆದಿದ್ದರು. ಅದರ ಕೆಳಗೆ ಇನ್ನೊಂದು ಪ್ರಶ್ನೆ: ‘ಹಳೆಯ ಪಹಣಿಯನ್ನು ನಿಮ್ಮ ತಂದೆಯವರು ಹೇಗೆ ಮಡಚಿ ಇಟ್ಟಿದ್ದಾರೆ ನೋಡಿದ್ದೀರಾ?’

ನೋಡಿರಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಟ್ರಂಕ್ ತೆಗೆದು ನೋಡಿದೆ. ಅಷ್ಟು ವರ್ಷಗಳ ಪಹಣಿಗಳೂ ಒಂದೇ ರೀತಿ ಮಡಚಿಕೊಂಡಿದ್ದವು. ಮೇಲೆ ಕಾಣುವ ಮುಖದಲ್ಲಿ ಕಾಲಂ 9 ಮತ್ತು 11, ಅಂದರೆ ಹೆಸರು, ವಿಸ್ತೀರ್ಣ, ಸಾಲ. ಉಳಿದದ್ದೆಲ್ಲ ಮಡಿಕೆಯ ಒಳಗೆ. ಮೂರನೆಯ ತರಗತಿಗೆ ಶಾಲೆ ಬಿಟ್ಟ ಅಪ್ಪ, ನಾನು ಎರಡು ರಾತ್ರಿ ಕೂತು ಕೆಡಿಸಿದ್ದನ್ನು ಮೂರು ಮಡಿಕೆಗಳಲ್ಲಿ ಮಾಡಿ ಮುಗಿಸಿದ್ದರು. ಆ ಮಡಿಕೆಗಳ ಮೇಲೆ ಸ್ಕೇಲ್ ಇಟ್ಟು ಅಳೆದು ಎರಡನೆಯ ವಿನ್ಯಾಸ ಮಾಡಿದೆ. ಅದಕ್ಕೆ ಅಂಕ ಎಷ್ಟು ಬಂತು ಎಂಬುದು ನೆನಪಿಲ್ಲ.

ಈಗ ನನ್ನ ಕೆಲಸವೇ ಅದು. ಬೆಂಗಳೂರಿನ ಒಂದು ಕಚೇರಿಯಲ್ಲಿ ರೋಗಿಗಳ ಕೈಗೆ ಕೊಡುವ ಸೂಚನಾ ಪತ್ರಗಳನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತೇನೆ. ವೈದ್ಯರು 1-0-1 ಎಂದು ಬರೆದದ್ದನ್ನು ಬೆಳಗ್ಗೆ ಒಂದು, ರಾತ್ರಿ ಒಂದು ಎಂದು ಬಿಡಿಸುವಾಗ ನಡುವಣ ಸೊನ್ನೆಯನ್ನು ತೆಗೆಯಲು ಕೈ ಹೋದರೆ ಒಂದು ಕ್ಷಣ ತಡೆಯುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ಹೊಲದ ಖಾತೆ ನನ್ನ ಹೆಸರಿಗೆ ಆಯಿತು. ಹೊಸ ಪಹಣಿ ತಂದ ದಿನ ಅದನ್ನೂ ಆ ಟ್ರಂಕಿಗೆ ಸೇರಿಸೋಣವೆಂದು ಅವರು ಮಡಚುತ್ತಿದ್ದಂತೆಯೇ ಮಡಚಿದೆ. ಮೊದಲು ಅಡ್ಡಕ್ಕೆ, ಆಮೇಲೆ ಎರಡು ಸಲ ಉದ್ದಕ್ಕೆ. ಮೇಲಿನ ಮುಖದಲ್ಲಿ ಬಂದದ್ದು ಖಾಲಿ ಚೌಕಗಳು, ನನ್ನ ಹೆಸರು ಒಳಗೆ ಹೋಗಿತ್ತು. ಬಿಚ್ಚಿ ಇನ್ನೊಮ್ಮೆ ಮಡಚಿದೆ. ಒಲೆಯ ಮುಂದಿನಿಂದ ಅಮ್ಮ, “ಅದು ಹಾಗಲ್ಲ, ಕೊಡು ಇಲ್ಲಿ” ಎಂದು ಕೈ ಒರೆಸಿಕೊಂಡು ಬಂದಳು.