ಹ್ಯಾಸ್ಕೆಲ್ ಜೆನೆರಿಕ್ಸ್: ಯಾವುದನ್ನು ಹಿಡಿಯೋದು?

"ಜಾವಾದಲ್ಲಿ ಜೆನೆರಿಕ್ಸ್ ಅಂದ್ರೆ ಒಂದೇ. ಹ್ಯಾಸ್ಕೆಲ್‌ನಲ್ಲಿ ಯಾಕೆ ಇಷ್ಟೊಂದು ಲೈಬ್ರರಿ? ಯಾವುದನ್ನು ಹಿಡಿಯೋದು?" ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಹೊಸಬರು ತಪ್ಪದೆ ಕೇಳುವ ಪ್ರಶ್ನೆ ಇದು. ಜೆನೆರಿಕ್ಸ್ ಅಂದರೆ ಒಮ್ಮೆ ಬರೆದ ಕೋಡ್ ಹಲವು ಟೈಪ್‌ಗಳಿಗೆ (ಡೇಟಾದ ಬಗೆಗಳಿಗೆ) ಒಗ್ಗುವಂತೆ ಮಾಡುವುದು.

ಹೆಸರು ಒಂದೇ, ಸಂಗತಿ ಬೇರೆ. 2004ರಲ್ಲಿ ಜಾವಾಕ್ಕೆ ಬಂದದ್ದನ್ನು ಹ್ಯಾಸ್ಕೆಲ್‌ನವರು ಪ್ಯಾರಾಮೆಟ್ರಿಕ್ ಪಾಲಿಮಾರ್ಫಿಸಂ ಅನ್ನುತ್ತಾರೆ: ಲಿಸ್ಟ್‌ನೊಳಗೆ ಏನಿದೆ ಅಂತ ಇಣುಕದೆಯೇ ಅದನ್ನು ತಿರುವಿ ಹಾಕುವುದು. (ಟೈಪ್ ಕ್ಲಾಸ್‌ಗಳ, ಅಂದರೆ ಒಂದೇ ಹೆಸರಿನ ಫಂಕ್ಷನ್‌ಗೆ ಒಂದೊಂದು ಟೈಪ್‌ಗೂ ಬೇರೆ ಕೋಡ್ ಕೊಡುವ ಸೌಲಭ್ಯದ ಬಗ್ಗೆ 1989ರಲ್ಲಿ ಪ್ರಬಂಧ ಬರೆದ ಇಬ್ಬರಲ್ಲಿ ಒಬ್ಬರಾದ ಫಿಲಿಪ್ ವಾಡ್ಲರ್ ಜಾವಾ ಜೆನೆರಿಕ್ಸ್‌ಗೂ ಕೈಹಾಕಿದವರೇ.) ನಾವಿಲ್ಲಿ ಹೇಳುತ್ತಿರುವ ಜೆನೆರಿಕ್ಸ್ ಇದಕ್ಕೆ ತದ್ವಿರುದ್ಧ, ಡೇಟಾದ ಆಕಾರ ನೋಡಿಕೊಂಡೇ ಕೆಲಸ ಮಾಡುತ್ತದೆ.

ಆಮೇಲೆ ನಾನು ತಿರುಗಿ ಕೇಳುವುದು: ನಿಮಗೆ ಬೇಕಾದದ್ದು ಆಳದಲ್ಲೆಲ್ಲೋ ಇರುವ ಒಂದು ಟೈಪೋ, ಇಡೀ ಆಕಾರವೋ?

ಒಂದು ಟೈಪ್ ಸಾಕು ಅನ್ನುವವರಿಗೆ 'ಸ್ಕ್ರ್ಯಾಪ್ ಯುವರ್ ಬಾಯ್ಲರ್‌ಪ್ಲೇಟ್' ಎಂಬ ಲೈಬ್ರರಿ ಇದೆ. ರಾಲ್ಫ್ ಲೆಮ್ಮೆಲ್ ಮತ್ತು ಸೈಮನ್ ಪೇಟನ್ ಜೋನ್ಸ್ 2003ರಲ್ಲಿ ಕೊಟ್ಟ ಉದಾಹರಣೆಯೇ ಸೊಗಸು: ಕಂಪನಿ, ಅದರಲ್ಲಿ ವಿಭಾಗಗಳು, ಅವುಗಳೊಳಗೆ ಇನ್ನಷ್ಟು ವಿಭಾಗಗಳು, ಎಲ್ಲರ ಸಂಬಳ ಏರಿಸಬೇಕು. ಸಂಬಳ ಏರಿಸುವ ಪುಟ್ಟ ಫಂಕ್ಷನ್ ಬರೆದು ಲೈಬ್ರರಿಯ 'ಎವ್ರಿವೇರ್' ಫಂಕ್ಷನ್‌ಗೆ ಕೊಟ್ಟರೆ ಅದು ಈ ಡೇಟಾದ ಮರವನ್ನೆಲ್ಲ ಅಲೆದು ಬರುತ್ತದೆ. ಅಲೆಯುವುದು ಅಂದರೆ ಹೆಸರಿನ ಸ್ಟ್ರಿಂಗ್‌ನ ಒಂದೊಂದು ಅಕ್ಷರಕ್ಕೂ ಹೋಗಿ "ನೀನು ಸಂಬಳವಾ?" ಅಂತ ವಿಚಾರಿಸುತ್ತದೆ! ನಿಧಾನವಾಗದೆ ಇನ್ನೇನು. ಅದಕ್ಕಿಂತ ಕೆಟ್ಟದ್ದು, ಸಂಬಳ ಫ್ಲೋಟ್ ಆಗಿದ್ದು ನೀವು ಡಬಲ್‌ಗೆ (ಎರಡೂ ದಶಮಾಂಶ ಸಂಖ್ಯೆಯ ಟೈಪ್‌ಗಳೇ) ಫಂಕ್ಷನ್ ಬರೆದರೆ ಕಂಪೈಲರ್ ಚಕಾರ ಎತ್ತುವುದಿಲ್ಲ, ಯಾರ ಸಂಬಳವೂ ಏರುವುದಿಲ್ಲ. ಒಂದು ಮಧ್ಯಾಹ್ನ ಇಡೀ ಇದನ್ನೇ ಹುಡುಕುತ್ತಾ ಕೂತಿದ್ದೆ.

ಇಡೀ ಆಕಾರ ಬೇಕಾಗುವುದಕ್ಕೆ ಉದಾಹರಣೆ, ಡೇಟಾವನ್ನು ಪಠ್ಯವಾಗಿ ಬರೆದಿಡುವ ಜೇಸನ್. ಅದಕ್ಕೆ ಫೀಲ್ಡ್‌ಗಳ ಹೆಸರೂ ಬೇಕು, ಆಕಾರವೂ ಬೇಕು. ಅಲ್ಲಿ 2011ರಲ್ಲಿ ಹ್ಯಾಸ್ಕೆಲ್ ಕಂಪೈಲರ್ ಆದ ಜಿಎಚ್‌ಸಿ 7.2ರ ಜೊತೆ ಬಂದ ಜಿಎಚ್‌ಸಿ ಜೆನೆರಿಕ್ಸ್ ನನ್ನ ಆಯ್ಕೆ. ಯಾವ ಟೈಪ್ ಆದರೂ 'ಇದು ಅಥವಾ ಅದು', 'ಇದು ಮತ್ತು ಅದು' ಎಂಬ ಎರಡೇ ಬಗೆಯ ತುಂಡುಗಳಿಗೆ ಇಳಿಯುತ್ತದೆ. ಲೈಬ್ರರಿ ಆ ತುಂಡುಗಳಿಗೆ ಒಮ್ಮೆ ಕೋಡ್ ಬರೆದಿಟ್ಟರೆ ಉಳಿದದ್ದನ್ನು ಕಂಪೈಲರ್‌ಗೇ ಬಿಡುವ ಒಂದು ಡಿರೈವಿಂಗ್ ಸಾಲು ನೀವು ಸೇರಿಸಿದರಾಯಿತು. ಯಾವುದೋ ಫೀಲ್ಡ್‌ಗೆ ಇನ್‌ಸ್ಟನ್ಸ್ (ಅದರ ಟೈಪ್‌ಗೆ ಬೇಕಾದ ಟೈಪ್ ಕ್ಲಾಸ್ ಕೋಡ್) ಇಲ್ಲದಿದ್ದರೆ ಕಂಪೈಲರ್ ಅಲ್ಲೇ ತಡೆಯುತ್ತದೆ.

ಹೋಲಿಕೆಗೆ ಓಕ್ಯಾಮಲ್ ಎಂಬ ಇನ್ನೊಂದು ಭಾಷೆ ನೋಡಿ: ಅಲ್ಲಿ ಟೈಪ್ ಕ್ಲಾಸ್ ಇಲ್ಲ, ರನ್ ಆಗುವಾಗ ಟೈಪ್‌ಗಳ ಸುಳಿವೂ ಉಳಿದಿರುವುದಿಲ್ಲ. ಹಾಗಾಗಿ ಓಕ್ಯಾಮಲ್‌ನವರು ಪಿಪಿಎಕ್ಸ್ ಎಂಬ ಸಾಧನದ ಮೊರೆ ಹೋಗುತ್ತಾರೆ. ಅದು ಟೈಪ್ ಚೆಕ್‌ಗೂ ಮುಂಚೆ ಬರೀ ಸಿಂಟ್ಯಾಕ್ಸ್ ನೋಡಿ ಕೋಡ್ ಬರೆದುಕೊಡುತ್ತದೆ.

ಜಿಎಚ್‌ಸಿ ಜೆನೆರಿಕ್ಸ್‌ಗೂ ಒಂದು ರೋಗ ಇದೆ. ರೆಕಾರ್ಡ್ ದೊಡ್ಡದಾದಷ್ಟೂ ಕಂಪೈಲ್ ಎಳೆಯುತ್ತದೆ. ಬಿಲ್ಡ್ ಮುಗಿಯುವಷ್ಟರಲ್ಲಿ ಕಾಫಿ ಆರಿಹೋಗುತ್ತಿದ್ದರೆ ಆ ಒಂದು ಫೈಲನ್ನು, ಕಂಪೈಲ್ ಆಗುವಾಗಲೇ ಕೋಡ್ ಬರೆದುಕೊಡುವ ಟೆಂಪ್ಲೇಟ್ ಹ್ಯಾಸ್ಕೆಲ್‌ಗೆ ಬದಲಿಸಿ ನೋಡಿ. ಜೇಸನ್‌ಗಾಗಿ ಇರುವ ಏಸನ್ ಲೈಬ್ರರಿ ಎರಡಕ್ಕೂ ಒಗ್ಗುತ್ತದೆ.