ಗೊಂಬೆಗಳಿದ್ದ ಚರ್ಚು, ಸದ್ದಿನ ಲೆಕ್ಕ

ಮಾಸ್ಕೋದಲ್ಲಿ ಸ್ಮೊಲೆನ್‌ಸ್ಕಯಾ ಹೆಸರಿನ ಮೆಟ್ರೊ ನಿಲ್ದಾಣಗಳು ಎರಡಿವೆ. ಒಂದು ಕಡುನೀಲಿ ಮಾರ್ಗದ್ದು, ಇನ್ನೊಂದು ತಿಳಿನೀಲಿಯದು. ಒಳಗಿನಿಂದ ಒಂದರಿಂದ ಇನ್ನೊಂದಕ್ಕೆ ದಾರಿಯಿಲ್ಲ. ಅಲ್ಲಿ ಯಾರನ್ನಾದರೂ ಕಾಣುವುದಿದ್ದರೆ ಬಣ್ಣವನ್ನೂ ಹೇಳಿಡಿ, ಇಲ್ಲದಿದ್ದರೆ ಚಳಿಯಲ್ಲಿ ಅರ್ಧ ಗಂಟೆ ದಂಡ.

ಅರ್ಬಾತ್ ಬೀದಿಯ ನೆನಪಿನ ಕಾಣಿಕೆಗಳ ಅಂಗಡಿಗಳಲ್ಲಿ ನಿಲ್ಲುವಂಥದ್ದೇನಿಲ್ಲ. ನೇರ ಸ್ಪಾಸೊಪೆಸ್ಕೊವ್‌ಸ್ಕಿ ಓಣಿಗೆ ತಿರುಗಿ. 1878ರ ‘ಮಾಸ್ಕೋ ಅಂಗಳ’ ವರ್ಣಚಿತ್ರದಲ್ಲಿ ಪೊಲೆನೊವ್ ಬರೆದ ಚರ್ಚು ಅಲ್ಲೇ ಇದೆ. ಸೋವಿಯತ್ ಕಾಲದಲ್ಲಿ ಸೊಯುಜ್‌ಮುಲ್ತ್‌ಫಿಲ್ಮ್ ಎಂಬ ಅನಿಮೇಷನ್ ಸ್ಟುಡಿಯೊದ ಗೊಂಬೆಚಿತ್ರ ವಿಭಾಗ ಇದ್ದದ್ದು ಇದರೊಳಗೆ! ಈಗ ಮತ್ತೆ ಪೂಜೆ ನಡೆಯುತ್ತದೆ.

ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದೊಂದೇ ಫ್ರೇಮ್ ತೆಗೆಯುವಾಗ ಮೈಕಿಗೆ ಕೆಲಸವಿಲ್ಲ. ಪಾತ್ರ ಮಾತಾಡುವುದಿದ್ದರೆ ಆ ಮಾತು ಮೊದಲೇ ಧ್ವನಿಮುದ್ರಣವಾಗಿರಬೇಕು. ಸೆಕೆಂಡಿಗೆ 24 ಫ್ರೇಮ್. ಒಂದು ಅಕ್ಷರಕ್ಕೆ ನಾಲ್ಕೋ ಐದೋ ಎಂದು ಎಣಿಸಿ ಹಾಳೆಯಲ್ಲಿ ಬರೆದುಕೊಟ್ಟ ಮೇಲೆಯೇ ಬಾಯಿ ಅಲುಗುತ್ತದೆ. ಆಗ ಧ್ವನಿ ಮುದ್ರಿಸುತ್ತಿದ್ದ 35 ಮಿ.ಮೀ. ಕಾಂತೀಯ ಪಟ್ಟಿಯಲ್ಲಿ ಒಂದು ಸೆಕೆಂಡ್ ಎಂದರೆ 456 ಮಿ.ಮೀ. ಪಟ್ಟಿಯನ್ನು ನೇರ ಕತ್ತರಿಸಿ ಅಂಟಿಸಿದರೆ ಜೋಡಣೆಯಲ್ಲಿ ‘ಟಕ್’ ಕೇಳಿಸುತ್ತದೆ, ಓರೆಯಾಗಿ ಕತ್ತರಿಸಬೇಕು. ಬ್ಲೇಡಿಗೆ ಕಾಂತತ್ವ ಹತ್ತಿದ್ದರೆ ಓರೆ ಕತ್ತರಿಸಿದರೂ ಟಕ್ ತಪ್ಪದು.

1969ರ ‘ವಿನ್ನಿ ಪೂಹ್’ ಕಾರ್ಟೂನ್ ಚಿತ್ರದಲ್ಲಿ ಕರಡಿಯ ಪಾತ್ರಕ್ಕೆ ನಟ ಲಿಯೊನೊವ್ ಅವರ ದನಿಯನ್ನು ಸುಮಾರು ಶೇ. 30ರಷ್ಟು ವೇಗ ಹೆಚ್ಚಿಸಿ ಬಳಸಿದರು. ಲೆಕ್ಕ ಹಾಕಿದರೆ ಹತ್ತು ಸೆಕೆಂಡಿನ ಮಾತು 7.7ಕ್ಕೆ ಇಳಿಯುತ್ತದೆ, ಶ್ರುತಿ ಎರಡು ಸ್ವರಕ್ಕಿಂತ ಮೇಲೇರುತ್ತದೆ. ಹಾಗಾಗಿ ನಟ ಬೇಕೆಂದೇ ನಿಧಾನಿಸದಿದ್ದರೆ ವ್ಯಂಜನಗಳು ಒಂದರ ಮೇಲೊಂದು ಬಿದ್ದು ಮಾತು ಕಲಸಿಹೋಗುತ್ತದೆ.

ಇಂಥ ಚಿತ್ರಗಳಿಗೆ ಧ್ವನಿ ಜೋಡಿಸುವ ವೃತ್ತಿಯ ಶಿಖರ ನೋಡಬೇಕೆಂದರೆ ನೊರ್‌ಸ್ಟೇನ್ ನಿರ್ದೇಶನದ, 1975ರ ‘ಮಂಜಿನಲ್ಲಿ ಮುಳ್ಳುಹಂದಿ’ ಸಾಕು. ಅದರ ಧ್ವನಿತಂತ್ರಜ್ಞ ಬೊರಿಸ್ ಫಿಲ್ಚಿಕೊವ್. 1979ರ ‘ಕಥೆಗಳ ಕಥೆ’ಗೂ ಅವರೇ. ಮಂಜಿನಲ್ಲಿ ಕಣ್ಣು ಸೋತಾಗ ದೂರ ಹತ್ತಿರಗಳನ್ನು ಹೇಳಬೇಕಾದದ್ದು ಕಿವಿಗೆ. ಮಟ್ಟ ತಗ್ಗಿಸಿದ ಮಾತ್ರಕ್ಕೆ ದನಿ ದೂರ ಹೋಗದು, ಪಕ್ಕದಲ್ಲೇ ಪಿಸುಗುಟ್ಟಿದಂತಾಗುತ್ತದೆ. ಮಂದ್ರವನ್ನೂ ತಾರವನ್ನೂ ಸ್ವಲ್ಪ ಕಡಿದು, ಮಾರ್ದನಿಯ ಪಾಲನ್ನು ನೇರ ದನಿಗಿಂತ ಹೆಚ್ಚಿಸಬೇಕು. ಕರಡಿಮರಿ ಮುಳ್ಳುಹಂದಿಯನ್ನು ಕೂಗಿ ಕರೆಯುವ ಜಾಗವನ್ನು ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕೇಳಿ.